ಪರಿಸರ ಅರಿವಿ

ಕಲಬುರಗಿಯಲ್ಲಿ ಎರಡು ದಿನದ ತರಬೇತಿ ಮುಗಿಸಿ
ಸೇಡಂ ಬಸ್ಸಿನ ಕೊನೆಯ ಸೀಟಿನಲ್ಲಿ
ತೊಡೆಯ ಮೇಲಿಟ್ಟುಕೊಂಡು ಬಂದೆ ಹಸಿರು ಚೀಲ:
ಒಂದು ಭೂತಗನ್ನಡಿ, ಹತ್ತು ಲಿಟ್ಮಸ್ ಪಟ್ಟಿ,
ದಾರಿಯಲ್ಲೇ ಬಿರುಕುಬಿಟ್ಟ ಮಳೆ ಅಳೆಯುವ ಕೊಳವೆ,
ಹಿಮಕರಡಿಯ ಮುಖಪುಟದ ಕೈಪಿಡಿ.

ಚೀಲದ ಮೇಲೆ ದಪ್ಪಕ್ಷರ: ಪರಿಸರ ಅರಿವು.
ಎಂಟನೆತ್ತೆಯ ಜಟ್ಟೆಪ್ಪ ಕೂಡಿಸಿ ಓದಿದ,
‘ಪರಿಸರ ಅರಿವಿ.’
ನಕ್ಕರು ಎಲ್ಲರೂ. ನಾನೂ ನಕ್ಕು, ತಿದ್ದಿದೆ.
ಅರಿವಿ ಅಂದರೆ ಉಡುವುದು, ಒಗೆಯುವುದು,
ಹರಿದರೆ ಒಲೆಯ ಗಡಿಗೆ ಇಳಿಸುವುದು.
ಅರಿವು ಬೇರೆ. ಐದು ಸಲ ಬರಿ.
ಬರೆದ.

ಕೈಪಿಡಿಯ ಹದಿನೇಳನೆ ಪುಟ: ಗಾಳಿಯ ಧೂಳು ಹಿಡಿಯುವ ಬಗೆ.
ಬಿಳಿ ಕಾರ್ಡಿಗೆ ವ್ಯಾಸಲೀನ್ ಸವರಿ, ಏಳು ದಿನ ತೂಗುಹಾಕಿ,
ಒಂದು ಚದರ ಸೆಂಟಿಮೀಟರಿನಲ್ಲಿ ಎಷ್ಟು ಕಣ, ಎಣಿಸಿ.
ಬಿಳಿ ಕಾರ್ಡು ಎಲ್ಲಿಂದ ಬರಬೇಕು?
ಹುಡುಗರು ತಂದರು ಹಳೆಯ ಲಗ್ನಪತ್ರಿಕೆ,
ಗಣಪತಿಯನ್ನು ಗೋಡೆಗೆ ಮಾಡಿ ಬೆನ್ನನ್ನು ಗಾಳಿಗೆ ಕೊಟ್ಟೆವು.
ವ್ಯಾಸಲೀನ್ ಡಬ್ಬಿ ಹನ್ನೊಂದನೆ ಕಾರ್ಡಿಗೆ ತಳ ಕಂಡಿತು.
ಉಳಿದವಕ್ಕೆ ಕುಸುಬಿ ಎಣ್ಣೆ.

ಎಳ್ಳಮಾಸಿ ಮುಗಿದ ವಾರ. ತೊಗರಿ ರಾಶಿ ನಡೆದಿತ್ತು.
ಒಂದು ಕಾರ್ಡು ಬೇವಿಗೆ, ಒಂದು ನೀರಿನ ಟಾಕಿಗೆ,
ಒಂದು ಕಾಗಿಣಾದ ಕಡೆ ವಾಲಿದ ಜಾಲಿಗಿಡಕ್ಕೆ,
ಒಂದು ಹೆಡ್ ಮಾಸ್ತರ್ ಗುಂಡೇರಾಯರ ಕಿಟಕಿಗೆ. ಅವರು
‘ಫ್ಯಾಕ್ಟರಿಯವರು ಬೆಂಚು ಕೊಟ್ಟಾರ, ನೆನಪಿರ್ಲಿ’
ಎಂದಷ್ಟೇ ಹೇಳಿ, ದಾರ ಕಟ್ಟಲು ಮೊಳೆ ತಾವೇ ಹೊಡೆದರು.
ಹೋಲಿಕೆಗೆ, ಧೂಳಿಲ್ಲದ ಜಾಗದಲ್ಲೊಂದು ಇಡಿ, ಎನ್ನುತ್ತದೆ ಕೈಪಿಡಿ.
ಊರೆಲ್ಲ ಹುಡುಕಿ ಕೊನೆಗೆ
ಕಬ್ಬಿಣದ ಬೀರುವಿನೊಳಗೆ, ಹಾಜರಿ ಪುಸ್ತಕಗಳ ನಡುವೆ ಇಟ್ಟೆವು.

ಏಳನೆಯ ದಿನ ಅಂಗಳದ ಪರ್ಸಿಯ ಮೇಲೆ ಬಗ್ಗಿ ಕೂತರು,
ಒಂದೇ ಭೂತಗನ್ನಡಿಗೆ ಇಪ್ಪತ್ತಾರು ಮಂದಿಯ ಪಾಳಿ.
ಬೇವಿನದು ನೂರಾ ನಾಲ್ಕು. ಟಾಕಿಯದು ತೊಂಬತ್ತು.
ಜಾಲಿಯದಕ್ಕೆ ಇರುವೆಯೊಂದು ಅಂಟಿತ್ತು,
ಅದನ್ನು ಎಣಿಸಬೇಕೋ ಬೇಡವೋ ಎಂದು ಜಗಳ.
ಬೀರುವಿನೊಳಗಿನದು ಹದಿನಾಲ್ಕು.
‘ಬೀರೂನೂ ಉಸರಾಡ್ತದೇನ್ರಿ?’ ಕೇಳಿದಳು ಸೂಗಮ್ಮ.
ಕೈಪಿಡಿಯಲ್ಲಿ ಹುಡುಕಿದೆ. ಹಿಮಕರಡಿ ಸುಮ್ಮನೆ ನೋಡಿತು.

ಜೈತುನಬಿ ಮಾತ್ರ ಹಿಂದೆ ನಿಂತಿದ್ದಳು, ಕಾರ್ಡು ಎದೆಗೊತ್ತಿ.
ಅವಳ ಮನೆ ರೈಲುಹಳಿಯ ಆಚೆ,
ನಾಲ್ಕು ಗಂಟೆಗೆ ಚಿಮಣಿಯ ನೆರಳು ಬಂದು ಕೂರುವ ಓಣಿ.
ಅವಳಪ್ಪ ಪ್ಯಾಕಿಂಗಿನಲ್ಲಿ ಚೀಲದ ಬಾಯಿ ಹಿಡಿಯುವವ.
ಎಲ್ಲಕ್ಕಿಂತ ಬೂದಿ ಬಣ್ಣ ಅವಳದೇ ಎಂದು ನಾನು
ಮೊದಲೇ ಪೆನ್ಸಿಲಿನಲ್ಲಿ ಗುರುತು ಹಾಕಿದ್ದೆ, ಒಪ್ಪಿಕೊಳ್ಳುತ್ತೇನೆ.

ಕಾರ್ಡು ತಿರುಗಿಸಿದಳು.
ಬಿಳಿ. ಅಚ್ಚಿನಿಂದ ಬಂದ ದಿನದಷ್ಟು ಬಿಳಿ.
ಎಣಿಸಿದರೆ ಎರಡು.

ಅಪ್ಪನ ಕೆಲಸ ನೆನೆದು, ಹೆದರಿ, ಬೇರೆಯದೇ ತಂದಳೋ
ಕೇಳದೆ ನಿಂತೆ. ಅವಳೇ ಹೇಳಿದಳು:
‘ಅಮ್ಮಿ ದಿನಾ ಸಂಜಿಗಿ ಒರಸ್ತಾಳ್ರಿ ಟೀಚರ್.
ಗಡಿಯಾರ, ರೊಟ್ಟಿ ಡಬ್ಬಿ, ಕುರಾನಿನ ಗೂಡು,
ಮಲಗಿದ ತಮ್ಮನ ಮಾರಿ.
ಇದು ಪಾಠದ್ದು ಅಂತ ಹೇಳಿದ್ದೆ.
ಪಾಠದ್ದಂದ್ರ ಇನ್ನೂ ಚಂದಾಗಿ ಒರಸ್ಯಾಳ.’

ನಮೂನೆಯಲ್ಲಿ ಇದಕ್ಕೂ ಒಂದು ಖಾನೆ ಇತ್ತು: ಕೆಟ್ಟ ಮಾದರಿ, ಕೈಬಿಡಿ.
ಪೆನ್ನು ಅಲ್ಲಿಗೆ ಹೋಗಿ, ಬಂತು.
‘ಯಾತರಿಂದ ಒರಸ್ತಾಳವ್ವ?’ ಎಂದೆ.

ಮರುದಿನ ತಂದಳು, ಪೇಪರಿನಲ್ಲಿ ಸುತ್ತಿ:
ಹಳೆಯ ಲುಂಗಿಯ ತುಂಡು, ನೀಲಿ ಚೌಕಳಿ
ಇದ್ದಿರಬೇಕು. ಬಿಚ್ಚಹೋದರೆ ಬಾಗದು,
ಮಡಿಕೆ ಮಡಿಕೆಯಲ್ಲಿ ಪರ್ಸಿಯಷ್ಟು ಗಟ್ಟಿ.
ನೀರು ತಾಕಿದ ಸಿಮೆಂಟು
ತನ್ನ ಕೆಲಸ ತಾನು ಮಾಡಿತ್ತು.

ಜಟ್ಟೆಪ್ಪ ಭೂತಗನ್ನಡಿ ಹಿಡಿದ, ತೆಗೆದ.
ಎಲ್ಲಿಂದ ಎಣಿಸಲು ಶುರು ಮಾಡಬೇಕೆಂದು
ನನ್ನ ಮುಖ ನೋಡಿದ.

ಕಲಬುರಗಿಗೆ ಕಳಿಸುವ ತಖ್ತೆಯಲ್ಲಿ ಬರೆದೆ:
ಕ್ರಮ ಸಂಖ್ಯೆ ಹತ್ತೊಂಬತ್ತು. ಮಾದರಿ: ಅರಿವಿ, ಒಂದು.
ಕಣಗಳು,
ಆ ಖಾನೆ ಇನ್ನೂ ಖಾಲಿ ಇತ್ತು,
ಜೈತುನಬಿ ಮೇಜಿನ ಹತ್ತಿರ ಬಂದಳು.
‘ಮುಗೀತೇನ್ರಿ? ಅಮ್ಮಿ ವಾಪಸ್ ತಾ ಅಂದಾಳ.
ಸಂಜಿಗಿ ಬೇಕಾಗ್ತದ.’